ಪೆಟ್ಟಿಗೆಯೂ ಅದರ ಪರಿವಾರವೂ

"ಲ್ಯಾಪ್‌ಟಾಪ್ ತಗೊಳ್ಳಿ ಅಂಕಲ್, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರಿ" ಎಂದು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರ ಹುಡುಗ ಹೇಳಿದಾಗ ನನಗೆ ಬಂದ ಸಿಟ್ಟು ಅವನ ಮೇಲಿನದಲ್ಲ, ಕಾಲದ ಮೇಲಿನದು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಸಿಟ್ಟು ಬಂದದ್ದು ಅವನ ಮೇಲೆಯೇ. ಊರೂರು ತಿರುಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಬಹುದಾದ, ಸದ್ದು ಮಾಡದ, ಹಾಗೆಂದು ಭಾರದ ಕೆಲಸಕ್ಕೆ ಮುಗ್ಗರಿಸದ ಡೆಸ್ಕ್‌ಟಾಪ್ ಕಂಪ್ಯೂಟರ್ ಬೇಕು ಎಂದು ನಾನು ಬಾಯಿಬಿಟ್ಟ ಕೂಡಲೇ ಎದುರಿಗಿರುವವರ ಮುಖದಲ್ಲಿ ಒಂದು ಬಗೆಯ ಅನುಕಂಪ ಮೂಡುತ್ತದೆ. ನನ್ನ ಸೋದರಳಿಯನಿಂದ ಹಿಡಿದು ಬ್ಯಾಂಕಿನ ಸರದಿಯಲ್ಲಿ ಹಿಂದೆ ನಿಂತಿದ್ದ ಅಪರಿಚಿತರವರೆಗೆ ಎಲ್ಲರೂ ಇದೇ ಬುದ್ಧಿಮಾತನ್ನು ಪುಕ್ಕಟೆಯಾಗಿ ಕೊಟ್ಟಿದ್ದಾರೆ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಲ್ಯಾಪ್‌ಟಾಪ್ ಮತ್ತು ಟ್ಯಾಬ್ಲೆಟ್‌ಗಳ ಆಮದನ್ನು ನಿರ್ಬಂಧಿಸುವ ಆದೇಶ ಹೊರಡಿಸಿದಾಗ, ಆ ಪಟ್ಟಿಯಲ್ಲಿ ಅತಿ ಚಿಕ್ಕ ಗಾತ್ರದ ಕಂಪ್ಯೂಟರ್‌ಗಳಿಗೂ ಬೇರೆಯದೇ ಆದ ನಮೂದು ಇತ್ತು. ದೆಹಲಿಯ ಕಡತಗಳಿಗೆ ಗೊತ್ತಿರುವ ವಸ್ತುವನ್ನು ಕೇಳಿದ್ದಕ್ಕೆ ಎಸ್.ಪಿ. ರೋಡಿನಲ್ಲಿ ನಾನು ಅನುಕಂಪಕ್ಕೆ ಪಾತ್ರನಾಗಬೇಕಾಯಿತು. ಡೆಸ್ಕ್‌ಟಾಪೇ ಏಕೆ ಬೇಕು ಎಂದು ಮಾತ್ರ ಯಾರೂ ಕೇಳಿಲ್ಲ, ಕೇಳದಿದ್ದರೂ ಹೇಳುತ್ತೇನೆ.

ಗಮಕ ವಾಚನವನ್ನೂ ತಾಳಮದ್ದಳೆಯನ್ನೂ ಅವು ನಡೆಯುವ ಊರಿಗೇ ಹೋಗಿ ಧ್ವನಿಮುದ್ರಿಸಿಕೊಂಡು, ರಾತ್ರಿ ಅಲ್ಲಿಯೇ ಕುಳಿತು ಅದನ್ನು ಕತ್ತರಿಸಿ ಒಪ್ಪಗೊಳಿಸುವುದು ನನ್ನ ಕಸುಬು. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿಯಂಥ ಊರಿನಲ್ಲಿ ಗಮಕಿಯೊಬ್ಬರು ಭಾಮಿನಿ ಷಟ್ಪದಿಯ ಕೊನೆಯ ಸಾಲನ್ನು ಎಳೆದು ನಿಲ್ಲಿಸಿದ ಮೇಲೆ, ವ್ಯಾಖ್ಯಾನಕಾರರು ಗಂಟಲು ಸರಿಮಾಡಿಕೊಳ್ಳುವ ಮೊದಲು, ಒಂದು ಸಣ್ಣ ಬಿಡುವು ಬರುತ್ತದೆ. ಆ ಬಿಡುವಿನಲ್ಲಿ ಜೀರುಂಡೆಯ ಸದ್ದು ಕೇಳಿದರೆ ಯಾರೂ ಆಕ್ಷೇಪಿಸುವುದಿಲ್ಲ. ಮಲೆನಾಡೆಂದರೆ ಹಾಗೆಯೇ ಎಂದು ತಲೆದೂಗುತ್ತಾರೆ. ಲ್ಯಾಪ್‌ಟಾಪಿನ ಫ್ಯಾನು ಕೇಳಿಸಿದರೆ ಮಾತ್ರ ಅದು ಕಡೆಯವರೆಗೂ ಕಿವಿಯನ್ನು ಕಾಡುತ್ತದೆ. ಅದನ್ನು ಒರೆಸಿಹಾಕುವ ತಂತ್ರಾಂಶಗಳೇನೋ ಇವೆ, ಆದರೆ ಅವುಗಳನ್ನು ಓಡಿಸಿದೊಡನೆ ಪ್ರೊಸೆಸರಿನ ಎಲ್ಲ ಕೋರ್‌ಗಳಿಗೂ ಕೆಲಸ ಬಿದ್ದು, ಯಂತ್ರ ಬಿಸಿಯೇರಿ, ಫ್ಯಾನು ಇನ್ನಷ್ಟು ಜೋರಾಗಿ ತಿರುಗತೊಡಗುತ್ತದೆ. ಅಂದರೆ, ನಿಶ್ಶಬ್ದ ಸರಿಯಾಗಿ ಬಂದಿದೆಯೇ ಎಂದು ಕಿವಿಗೊಟ್ಟು ಕೇಳಬೇಕಾದ ಗಳಿಗೆಯಲ್ಲಿಯೇ ಕೋಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗದ್ದಲವಿರುತ್ತದೆ. ಲ್ಯಾಪ್‌ಟಾಪಿನ ಫ್ಯಾನನ್ನು ಕೀಲಿಮಣೆಯಿಂದ ಬಿಡಿಸಿ ಆಚೆ ಇಡುವಂತಿಲ್ಲ. ಡೆಸ್ಕ್‌ಟಾಪಿನ ಪೆಟ್ಟಿಗೆಯಾದರೆ ಉದ್ದನೆಯ ವೈರು ಎಳೆದು ಅದನ್ನು ಪಡಸಾಲೆಯ ಇನ್ನೊಂದು ಮೂಲೆಗೆ, ಮನೆಯವರು ಒಪ್ಪಿದರೆ ಹಿತ್ತಿಲ ಕಡೆಯ ಕೋಣೆಗೆ, ಸಾಗಹಾಕಬಹುದು. ಇಷ್ಟೇ ನನ್ನ ವಾದ.

ತೊಂದರೆಯೆಂದರೆ ಭೌತಶಾಸ್ತ್ರವೂ ಅಂಗಡಿಯ ಹುಡುಗನ ಕಡೆಗೇ ಇದೆ. ಪ್ರೊಸೆಸರ್ ನುಂಗಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬೀಳಲೇಬೇಕು. 65 ವ್ಯಾಟ್ ಒಳಗೆ ಹೋದರೆ 65 ವ್ಯಾಟ್ ಬಿಸಿ ಹೊರಗೆ ಬರಬೇಕು, ಅದರಲ್ಲಿ ಚೌಕಾಸಿಯಿಲ್ಲ. ಮಾಮೂಲಿ ಕ್ಯಾಬಿನೆಟ್ಟಿನಲ್ಲಿ 120 ಮಿಲಿಮೀಟರ್ ಅಗಲದ ಫ್ಯಾನು ಸಾವಕಾಶವಾಗಿ ತಿರುಗಿ ಸಾಗಿಸುವಷ್ಟು ಗಾಳಿಯನ್ನು, ಮಿನಿ ಪಿಸಿ ಎಂದು ಕರೆಯುವ ಈ ಪುಟ್ಟ ಪೆಟ್ಟಿಗೆಗಳೊಳಗಿನ ಚಕ್ಕುಲಿಯಷ್ಟು ಅಗಲದ ಫ್ಯಾನು ಸಾಗಿಸಬೇಕಾದರೆ ಅದು ಹಲವು ಪಟ್ಟು ವೇಗವಾಗಿ ಸುತ್ತಬೇಕು. ವೇಗ ಹೆಚ್ಚಿದಂತೆ ಸದ್ದು ಹೆಚ್ಚುವುದಲ್ಲದೆ ಅದರ ಸ್ಥಾಯಿಯೂ ಏರುತ್ತದೆ, ಮತ್ತು ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಆ ಮೇಲಿನ ಸ್ಥಾಯಿಯ ಕೀರಲು ಸದ್ದಿಗೇ. ಚಿಕ್ಕದು, ಶಕ್ತಿಶಾಲಿ, ಸದ್ದಿಲ್ಲದ್ದು ಎಂಬ ಮೂರರಲ್ಲಿ ಯಾವ ಎರಡನ್ನಾದರೂ ಕೊಡುತ್ತೇವೆ ಎಂದು ತಯಾರಕರು ನೇರವಾಗಿ ಹೇಳಿಬಿಟ್ಟರೆ ನಾನು ಗೌರವದಿಂದ ಆರಿಸಿಕೊಳ್ಳುತ್ತಿದ್ದೆ. ಅವರು ಮೂರನ್ನೂ ಬಣ್ಣದ ಅಕ್ಷರಗಳಲ್ಲಿ ಅಚ್ಚುಹಾಕಿ, ಎಷ್ಟು ದೂರದಲ್ಲಿ ಮೈಕ್ ಇಟ್ಟು ಅಳೆದದ್ದು, ಯಂತ್ರ ಆಗ ದುಡಿಯುತ್ತಿತ್ತೋ ಸುಮ್ಮನೆ ಕೂತಿತ್ತೋ ಎಂಬುದನ್ನು ಕೊನೆಯ ಪುಟದ ಇರುವೆಸಾಲಿಗೆ ಬಿಡುತ್ತಾರೆ. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಇಮ್ಮಡಿಯಾದಂತೆ ತೋರುತ್ತದೆ ಎಂಬುದನ್ನು ನೆನೆದರೆ, ಆ ಇರುವೆಸಾಲಿನಲ್ಲಿ ಎಷ್ಟು ಅಡಗಿಸಿಡಬಹುದೆಂದು ತಿಳಿಯುತ್ತದೆ.

ಫ್ಯಾನೇ ಇಲ್ಲದ ಪೆಟ್ಟಿಗೆಗಳೂ ಇವೆ. ಮೈಯೆಲ್ಲ ಅಲ್ಯುಮಿನಿಯಮ್ಮಿನ ಪಕ್ಕೆಲುಬುಗಳಿರುವ ಅವು ಬಿಸಿಯನ್ನು ಚರ್ಮದ ಮೂಲಕವೇ ಬಿಡುತ್ತವೆ. ಚಳಿಗಾಲದ ಮಡಿಕೇರಿಗೆ ಅವು ಸರಿ. ನಲವತ್ತು ಡಿಗ್ರಿ ದಾಟುವ ಕಲಬುರಗಿಯ ಮೇ ತಿಂಗಳಿನಲ್ಲಿ, ಒಳಗಿನ ಶಾಖ ನೂರು ಡಿಗ್ರಿಯ ಆಸುಪಾಸಿಗೆ ಬಂದೊಡನೆ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಸದ್ದೂ ಇರುವುದಿಲ್ಲ, ಕೆಲಸವೂ ಆಗುವುದಿಲ್ಲ.

ಈ ವಿಷಯದಲ್ಲಿ ನನಗೆ ಆಪ್ತನೆನಿಸುವವನು ಆಡಮ್ ಓಸ್ಬೋರ್ನ್ ಒಬ್ಬನೇ. 1981ರ ಏಪ್ರಿಲಿನಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಕಂಪ್ಯೂಟರ್ ಮೇಳದಲ್ಲಿ ಅವನು ಜನರ ಮುಂದಿಟ್ಟ ಓಸ್ಬೋರ್ನ್ 1 ಎಂಬ ಯಂತ್ರ, ನನ್ನಂಥವರ ಆಸೆಗೆ ಮಾರುಕಟ್ಟೆಯಲ್ಲಿ ಗೆಲುವು ಕಂಡ ಮೊದಲ ಉತ್ತರ. ಲೀ ಫೆಲ್ಸೆನ್‌ಸ್ಟೈನ್ ರೂಪಿಸಿದ ಆ ಪೆಟ್ಟಿಗೆಯನ್ನು ವಿಮಾನದ ಆಸನದ ಕೆಳಗೆ ತೂರಿಸುವಂತೆ ಅಳತೆ ಮಾಡಿ ಕಟ್ಟಲಾಗಿತ್ತು; ಮುಚ್ಚಳ ಬಿಚ್ಚಿದರೆ ಅದೇ ಕೀಲಿಮಣೆ, ಒಳಗೆ ಎರಡು ಫ್ಲಾಪಿ ಡ್ರೈವ್, ಅವುಗಳ ನಡುವೆ ಐದು ಇಂಚಿನ ಪರದೆ. ಸಾಲಿಗೆ 52 ಅಕ್ಷರ, 64 ಕಿಲೋಬೈಟ್ ಸ್ಮರಣೆ, 1,795 ಡಾಲರ್ ಬೆಲೆ, ಜೊತೆಗೆ ಬರವಣಿಗೆಗೂ ಲೆಕ್ಕಪತ್ರಕ್ಕೂ ಬೇಕಾದ ತಂತ್ರಾಂಶಗಳು ಪುಕ್ಕಟೆ. ತೂಕ ಸುಮಾರು 11 ಕಿಲೋ. ಇಂದು ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಇರುವ ಏಳು ಕಿಲೋ ಮಿತಿಯಲ್ಲಿ ಅದನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಅದರಲ್ಲಿ ಬ್ಯಾಟರಿ ಇರಲಿಲ್ಲ. ಗೋಡೆಯ ಸಾಕೆಟ್ಟು ಸಿಗುವವರೆಗೆ ಅದು ಬರೀ ಭಾರ. ಆದರೂ ಏರುಗಾಲದಲ್ಲಿ ಅದು ತಿಂಗಳಿಗೆ ಹತ್ತು ಸಾವಿರದಷ್ಟು ಮಾರಾಟವಾಯಿತು. ನಗುವವರು ನಗಲಿ, ಕೀಲಿಮಣೆ, ಪರದೆ, ಪವರ್ ಸಪ್ಲೈ ಎಲ್ಲವನ್ನೂ ಒಂದೇ ಪೆಟ್ಟಿಗೆಯೊಳಗೆ ಇಟ್ಟು, ಇದರ ಒಟ್ಟು ಭಾರ ಇಷ್ಟು ಎಂದು ಪ್ರಾಮಾಣಿಕವಾಗಿ ಹೇಳಿದ ಡೆಸ್ಕ್‌ಟಾಪ್ ಅದು.

ಓಸ್ಬೋರ್ನನ ಮೇಲಿನ ನನ್ನ ಅಕ್ಕರೆಗೆ ಇನ್ನೊಂದು ಕಾರಣ, ಅವನು ನಮ್ಮ ಪಕ್ಕದ ಸೀಮೆಯಲ್ಲಿ ಬೆಳೆದ ಹುಡುಗ. 1939ರಲ್ಲಿ ಬ್ಯಾಂಕಾಕಿನಲ್ಲಿ ಹುಟ್ಟಿದವನ ಬಾಲ್ಯ ಕಳೆದದ್ದು ತಿರುವಣ್ಣಾಮಲೈಯಲ್ಲಿ. ತಂದೆ ಆರ್ಥರ್ ಓಸ್ಬೋರ್ನ್ ರಮಣ ಮಹರ್ಷಿಗಳ ಭಕ್ತ. ಯುದ್ಧಕಾಲದಲ್ಲಿ ಆತ ಬ್ಯಾಂಕಾಕಿನಲ್ಲಿ ಜಪಾನೀಯರ ಸೆರೆಯಲ್ಲಿದ್ದಾಗ ಪೋಲೆಂಡ್ ಮೂಲದ ತಾಯಿಯೂ ಮಕ್ಕಳೂ ಅಲ್ಲಿನ ಅರುಣಾಚಲ ಬೆಟ್ಟದ ಬುಡದಲ್ಲಿ ಕಾಯುತ್ತಿದ್ದರು. ಕೌಪೀನ, ಕಮಂಡಲ, ಊರುಗೋಲುಗಳ ಹೊರತು ತನ್ನದೆಂಬ ವಸ್ತು ಇಲ್ಲದೆ ಕುಳಿತಿದ್ದವರ ಎದುರು ಆಡಿ ಬೆಳೆದ ಹುಡುಗ, ದೊಡ್ಡವನಾಗಿ 11 ಕಿಲೋ ಪೆಟ್ಟಿಗೆಯನ್ನು ಹೊತ್ತು ತಿರುಗಿರೆಂದು ಜಗತ್ತಿಗೆ ಹೇಳಿದ್ದರಲ್ಲಿ ಏನೋ ಒಂದು ಅರ್ಥವಿರಬೇಕು ಎಂದು ನಾನು ಬಹಳ ಯೋಚಿಸಿದ್ದೇನೆ. ಅರ್ಥ ಹೊಳೆದಿಲ್ಲ.

ಅವನ ಪತನದ ಕಥೆಯನ್ನು ವ್ಯಾಪಾರಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಹೇಳುತ್ತಾರೆ. ಇದಕ್ಕಿಂತ ಉತ್ತಮವಾದ ಮುಂದಿನ ಯಂತ್ರ ಬರಲಿದೆ ಎಂದು ಅವನು 1983ರಲ್ಲಿ ಮೊದಲೇ ಸುಳಿವು ಕೊಟ್ಟನಂತೆ, ಜನರು ಕೈಯಲ್ಲಿದ್ದ ಹಣವನ್ನು ಹಾಗೆಯೇ ಹಿಡಿದು ಕಾದರಂತೆ, ಹಳೆಯ ಸರಕು ಗೋದಾಮಿನಲ್ಲಿ ಕೊಳೆಯಿತಂತೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ. ಹೀಗೆ ಕಾಯಿಸಿ ಕೆಡುವುದಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಒಂಬತ್ತು ಇಂಚಿನ ಪರದೆಯನ್ನು ಅದೇ ಬೆಲೆಗೆ ಕೊಟ್ಟ ಕೇಪ್ರೊ, ಐಬಿಎಂ ತಂತ್ರಾಂಶಗಳನ್ನು ಓಡಿಸುತ್ತಿದ್ದ ಕಾಂಪ್ಯಾಕ್, ಇವೂ ಅವನ ಗಿರಾಕಿಗಳನ್ನು ಸೆಳೆದಿದ್ದವು ಎಂದು ವಾದಿಸುವವರಿದ್ದಾರೆ, ಮತ್ತು ನನಗೆ ಆ ವಾದವೇ ಸರಿಯೆನಿಸುತ್ತದೆ. ಒಬ್ಬನ ಬಾಯಿಚಪಲದಿಂದ ಕಾರ್ಖಾನೆಯೇ ಮುಳುಗಿತು ಎನ್ನುವುದು ಹೇಳಲು ಸೊಗಸಾದ ಕಾರಣದಿಂದಲೇ ಉಳಿದುಬಂದ ಕಥೆ. ಓಸ್ಬೋರ್ನ್ ಕೊನೆಗೆ ಭಾರತಕ್ಕೆ ಮರಳಿ 2003ರಲ್ಲಿ, ತಾನು ಶಾಲೆಗೆ ಹೋದ ಕೊಡೈಕೆನಾಲಿನಲ್ಲಿಯೇ ತೀರಿಕೊಂಡ. ಹೊರಟ ವಿಷಯದಿಂದ ಇದು ದೂರವಾಯಿತೆಂದು ಯಾರಿಗಾದರೂ ಅನಿಸಿದರೆ, ಅಂಥವರು ಹೋಗಿ ಲ್ಯಾಪ್‌ಟಾಪ್ ಕೊಳ್ಳಬಹುದು.

ನಾನು ಹೇಳಹೊರಟದ್ದು ಪರಿವಾರದ ವಿಷಯ. ಇಂದಿನ ಮಿನಿ ಪಿಸಿಯ ಜಾಹೀರಾತಿನಲ್ಲಿ ಅಂಗೈಯ ಮೇಲೆ ಪೆಟ್ಟಿಗೆಯೊಂದೇ ಕುಳಿತಿರುತ್ತದೆ. ಪೆಟ್ಟಿಗೆಯೇನೋ ಅರ್ಧ ಕಿಲೋ. ಅದರ ಅಡಾಪ್ಟರ್ ಯಾವ ಚಿತ್ರದಲ್ಲಿಯೂ ಕಾಣುವುದಿಲ್ಲ; ಮನೆಗೆ ತಂದು ಬಿಚ್ಚಿದಾಗ ಪ್ಲಾಸ್ಟಿಕ್ ಚೀಲದಿಂದ ಕಪ್ಪು ಇಟ್ಟಿಗೆಯೊಂದು ಹೊರಬಿದ್ದು, ಅದರ ಎರಡು ಕಡೆಯೂ ಮಣಿಯಲೊಲ್ಲದ ದಪ್ಪ ವೈರುಗಳು ಜೋತುಬೀಳುತ್ತವೆ. ಅದರ ಹಿಂದೆಯೇ ಕೀಲಿಮಣೆ, ಮೌಸು, ಎಚ್‌ಡಿಎಂಐ ಕೇಬಲ್ಲು, ಎಕ್ಸ್‌ಟೆನ್ಷನ್ ಬೋರ್ಡು, ಕರೆಂಟು ಹೋದರೆ ಕೆಲಸ ಉಳಿಸಿಕೊಳ್ಳಲು ಪುಟ್ಟ ಯುಪಿಎಸ್ಸು, ಎಲ್ಲವನ್ನೂ ನೋಡಲು ಮಾನಿಟರು. ಹಳೆಯ ಕಾಲದ ಪಾಳೆಯಗಾರನೂ ಇಷ್ಟು ಜನರನ್ನು ಕಟ್ಟಿಕೊಂಡು ದಂಡಯಾತ್ರೆಗೆ ಹೊರಡುತ್ತಿರಲಿಲ್ಲ. ಆಪಲ್ ಕಂಪನಿ 2024ರ ಕೊನೆಯಲ್ಲಿ ಹೊರತಂದ ಮ್ಯಾಕ್ ಮಿನಿ ಈ ಒಂದು ವಿಷಯದಲ್ಲಿ ಸಭ್ಯವಾಗಿದೆ: ಐದಿಂಚು ಅಗಲ, ಐದಿಂಚು ಉದ್ದ, ಸುಮಾರು 670 ಗ್ರಾಂ ತೂಕ, ಪವರ್ ಸಪ್ಲೈ ಒಳಗೇ ಇದೆ, ಹೊರಗೆ ಒಂದೇ ತೆಳು ವೈರು. ಆದರೆ ಅದನ್ನು ಚಾಲೂ ಮಾಡುವ ಗುಂಡಿಯನ್ನು ತಳಭಾಗದಲ್ಲಿ ಇಟ್ಟಿದ್ದಾರೆ. ಇಷ್ಟೆಲ್ಲ ಜಾಣರು ಸೇರಿ ಚಿತ್ರ ಬರೆದು, ತಿದ್ದಿ, ಒಪ್ಪಿಗೆ ಪಡೆದ ವಸ್ತುವನ್ನು ನಾನು ದಿನಾ ಬೆಳಗ್ಗೆ ಎತ್ತಿ ಹೊಟ್ಟೆಯ ಕೆಳಗೆ ಬೆರಳು ತೂರಿಸಿ ಎಬ್ಬಿಸಬೇಕಂತೆ.

ಮಾನಿಟರ್ ಏಕೆ ಹೊರಬೇಕು, ಲಾಡ್ಜಿನ ಟಿವಿಗೆ ಸಿಕ್ಕಿಸಿಕೊಳ್ಳಿ ಎಂಬ ಸಲಹೆಯೂ ಬಂದಿದೆ. ಇದನ್ನು ಹೇಳುವವರು ಲಾಡ್ಜಿನ ಟಿವಿಯ ಬೆನ್ನನ್ನು ನೋಡಿದವರಲ್ಲ. ಅದನ್ನು ಗೋಡೆಗೆ ಎಷ್ಟು ಬಿಗಿಯಾಗಿ ಮೊಳೆ ಹೊಡೆದು ಕೂರಿಸಿರುತ್ತಾರೆಂದರೆ ಎಚ್‌ಡಿಎಂಐ ಕಂಡಿಯೊಳಗೆ ಬೆರಳ ತುದಿಯೂ ಹೋಗುವುದಿಲ್ಲ. ಕಷ್ಟಪಟ್ಟು ವೈರು ಸಿಕ್ಕಿಸಿದರೂ ಹೋಟೆಲ್‌ಗಳಿಗೆಂದೇ ಇರುವ ಬೀಗದ ಸೆಟ್ಟಿಂಗಿನಿಂದಾಗಿ ರಿಮೋಟಿನ ಸೋರ್ಸ್ ಗುಂಡಿ ಸತ್ತಿರುತ್ತದೆ. ಅದೂ ದಾಟಿದರೆ, ಚಿತ್ರದ ನಾಲ್ಕೂ ಅಂಚು ಕತ್ತರಿಸಿಹೋಗಿ, ಉಳಿಸುವ ಗುಂಡಿಯೂ ಮುಚ್ಚುವ ಗುಂಡಿಯೂ ಗೋಡೆಯೊಳಗೆ ಎಲ್ಲಿಯೋ ಇರುತ್ತವೆ. ಕೋಣೆಯ ಮೇಜು ಮತ್ತು ಟಿವಿ ಎದುರುಬದುರು ಗೋಡೆಗಳಲ್ಲಿರುವುದರಿಂದ, ಕತ್ತನ್ನು ಕೊಕ್ಕರೆಯಂತೆ ತಿರುಗಿಸಿಕೊಂಡು ಅರ್ಧ ರಾತ್ರಿ ಕೆಲಸ ಮಾಡಿದ ಮೇಲೆ ಮರುದಿನ ಯಾರು ಏನು ಕೇಳಿದರೂ ಇಲ್ಲವೆಂದು ತಲೆಯಾಡಿಸಲು ಆಗುವುದಿಲ್ಲ. ಹೀಗಾಗಿ ಎಂಟುನೂರು ಗ್ರಾಮಿನ ಮಡಚುವ ಪರದೆಯೊಂದು ಪರಿವಾರ ಸೇರುತ್ತದೆ. ಅಲ್ಲಿಗೆ ಚೀಲದ ಭಾರ ಲ್ಯಾಪ್‌ಟಾಪನ್ನು ಎಂದೋ ಹಿಂದೆ ಹಾಕಿರುತ್ತದೆ, ಮತ್ತು ಇದನ್ನು ನನ್ನ ಸೋದರಳಿಯನಿಗೆ ಹೇಳುವ ಉದ್ದೇಶ ನನಗಿಲ್ಲ.

ಇನ್ನು ಸದ್ದಿನ ಪರೀಕ್ಷೆ. ಆಟೋಗಳ ಹಾರನ್ನು, ಸಾಮಾನು ಇಳಿಸುವವರ ಕೂಗು, ಮೇಲಿನ ಮಹಡಿಯ ಡ್ರಿಲ್ಲು, ಇವೆಲ್ಲದರ ನಡುವೆ ಹುಡುಗ ಪೆಟ್ಟಿಗೆಯನ್ನು ನನ್ನ ಕಿವಿಯ ಹತ್ತಿರ ಹಿಡಿದು "ನೋಡಿ ಅಂಕಲ್, ಸೌಂಡೇ ಇಲ್ಲ" ಎಂದ. ಎಸ್.ಪಿ. ರೋಡಿನಲ್ಲಿ ಲಾರಿಯ ಎಂಜಿನ್ನನ್ನು ಹಿಡಿದು ತೋರಿಸಿದರೂ ಸೌಂಡ್ ಇರುವುದಿಲ್ಲ. ಎಲ್ಲ ಕೋರ್‌ಗಳಿಗೂ ಹತ್ತು ನಿಮಿಷ ಕೆಲಸ ಕೊಟ್ಟು, ಒಳಕೋಣೆಯ ಬಾಗಿಲು ಮುಚ್ಚಿ ಕೇಳೋಣವೇ ಎಂದು ವಿನಂತಿಸಿದೆ. ಒಳಕೋಣೆಯಲ್ಲಿ ಮಾಲೀಕರು ಊಟ ಮಾಡುತ್ತಿದ್ದರು.

ಕಾಯೋಣವೆಂದರೆ ಅದಕ್ಕೂ ಬೆಲೆಯಿದೆ. ಆರು ತಿಂಗಳಲ್ಲಿ ಇನ್ನೂ ತಣ್ಣಗಿನ ಚಿಪ್ ಬರುತ್ತದೆ ಎಂದು ಪ್ರತಿ ಕಂಪನಿಯೂ ಈಗ ಓಸ್ಬೋರ್ನನಂತೆ ಮುಂಚಿತವಾಗಿ ಸಾರುತ್ತದೆ, ಆದರೆ ದಿವಾಳಿಯಾಗುವುದಿಲ್ಲ. ಈ ನಡುವೆ ಎಐ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡದ್ದರಿಂದ 2025ರ ಕೊನೆಯಿಂದ ರ‍್ಯಾಮ್ ದರ ಗಗನಕ್ಕೇರಿದೆ. ಇದನ್ನು ನೆನಪಿಸಲು ಅಂಗಡಿಯ ಹುಡುಗ ಆಗಾಗ ಫೋನ್ ಮಾಡುತ್ತಿದ್ದ: ಇವತ್ತೇ ಹೇಳಿ ಅಂಕಲ್, ನಾಳೆ ರೇಟ್ ಬೇರೆ. ಹೇಳುತ್ತೇನೆ, ಅದಕ್ಕೆ ಮುಂಚೆ ಅಡಾಪ್ಟರನ್ನು ಎರಡೂ ವೈರುಗಳ ಸಮೇತ ತೂಗಿ ಗ್ರಾಮಿನ ಲೆಕ್ಕದಲ್ಲಿ ತಿಳಿಸು, ಅಂಗಡಿಯಲ್ಲಿ ತಕ್ಕಡಿ ಇಲ್ಲದಿದ್ದರೆ ಎದುರಿನ ಗುಜರಿಯವನ ಹತ್ತಿರ ಇರುತ್ತದೆ ಎಂದೆ. ಆಮೇಲೆ ಅವನ ಫೋನ್ ಬಂದಿಲ್ಲ.