ಹಳೇ ಪ್ರಾಗ್ ನೋಡೋಕೆ ಗೈಡ್ ಬೇಕಾ?

ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋದವರು ಹಳೇ ಊರಿನ ಚೌಕಕ್ಕೆ ಹೋಗೇ ಹೋಗುತ್ತಾರೆ. ಅಲ್ಲಿ ಬಣ್ಣಬಣ್ಣದ ಕೊಡೆ ಎತ್ತಿ ಹಿಡಿದ ಗೈಡ್‌ಗಳು ಕಾಯುತ್ತಿರುತ್ತಾರೆ. ಚೌಕ, ಗಡಿಯಾರ, ಯಹೂದಿ ಕೇರಿ, ಚಾರ್ಲ್ಸ್ ಸೇತುವೆ. ಎರಡು-ಎರಡೂವರೆ ಗಂಟೆಯ ನಡಿಗೆ. ಕೊಡೆಯ ಹಿಂದೆ ಹೋಗೋದಾ, ಸುಮ್ನೆ ನಾವೇ ಸುತ್ತೋದಾ?

ಪರ: ಕಣ್ಣಿಗೆ ಕಾಣದ್ದನ್ನು ತೋರಿಸೋರು ಬೇಕು

ಹಳೇ ಟೌನ್ ಹಾಲ್ ಗೋಪುರದ ಪಕ್ಕ, ನೆಲಕ್ಕೆ ಹಾಸಿದ ಕಲ್ಲಿನಲ್ಲಿ ಬಿಳಿ ಶಿಲುಬೆಗಳಿವೆ. ಎಣಿಸಿದರೆ 27. ಐಸ್‌ಕ್ರೀಮ್ ತಿನ್ನುತ್ತಾ, ಫೋನ್ ನೋಡುತ್ತಾ ಜನ ಅವುಗಳ ಮೇಲೇ ನಡೆದು ಹೋಗುತ್ತಾರೆ. ತಪ್ಪು ಅವರದಲ್ಲ. ಹೇಳೋರಿಲ್ಲದಿದ್ದರೆ ಅದು ಬರೀ ನೆಲ.

1618ರಲ್ಲಿ ಇಲ್ಲಿನ ಪ್ರಾಟೆಸ್ಟೆಂಟ್ ಮುಖಂಡರು ಹ್ಯಾಬ್ಸ್‌ಬರ್ಗ್ ವಂಶದ ಕ್ಯಾಥೊಲಿಕ್ ದೊರೆಯ ವಿರುದ್ಧ ತಿರುಗಿಬಿದ್ದರು. ಅವನ ಅಧಿಕಾರಿಗಳನ್ನು ಕೋಟೆಯ ಕಿಟಕಿಯಿಂದ ಹೊರಗೆ ಎಸೆದರು. ಎರಡು ವರ್ಷದಲ್ಲಿ, 1620ರ ನವೆಂಬರ್‌ನಲ್ಲಿ, ಊರಾಚೆಯ ಬಿಳಿ ಗುಡ್ಡದ ಯುದ್ಧದಲ್ಲಿ ಸೋತರು. 1621ರ ಜೂನ್ 21ರಂದು ಅವರಲ್ಲಿ 27 ಜನರನ್ನು ಇದೇ ಚೌಕದಲ್ಲಿ ಕೊಂದರು. ಯಾನ್ ಯೆಸೆನಿಯಸ್ ಎಂಬ ವೈದ್ಯನೂ ಅವರಲ್ಲಿದ್ದ. 1600ರಲ್ಲಿ ಪ್ರಾಗ್‌ನಲ್ಲಿ ಮೊದಲ ಬಾರಿ ಎಲ್ಲರೆದುರು ಹೆಣ ಕೊಯ್ದು ದೇಹದ ಒಳಗನ್ನು ತೋರಿಸಿದವನು ಅವನು. ವಿಶ್ವವಿದ್ಯಾಲಯದ ಮುಖ್ಯಸ್ಥನೂ ಆಗಿದ್ದ. ಅವನ ನಾಲಿಗೆ ಮೊದಲು ಕತ್ತರಿಸಿ, ಆಮೇಲೆ ತಲೆ ಕಡಿದರು. 12 ತಲೆಗಳನ್ನು ಚಾರ್ಲ್ಸ್ ಸೇತುವೆಯ ಬಾಗಿಲ ಗೋಪುರಕ್ಕೆ ತೂಗುಹಾಕಿದರು. ವರ್ಷಗಟ್ಟಲೆ ಅಲ್ಲೇ ಇದ್ದವು. ಇವತ್ತು ಎಲ್ಲರೂ ಸಾಲಾಗಿ ನಿಂತು ಸೆಲ್ಫಿ ತೆಗೆದುಕೊಳ್ಳೋದು ಅದೇ ಗೋಪುರದ ಕೆಳಗೆ!

ಗೋಪುರದ ಪಕ್ಕದಲ್ಲೇ ಒಂದು ಖಾಲಿ ಜಾಗ ಇದೆ. ಮರ, ಹುಲ್ಲು, ಕೂರೋಕೆ ಬೆಂಚು. ಪಾರ್ಕ್ ಅಂದುಕೊಂಡು ಕಾಲು ಚಾಚಿ ಕೂರುತ್ತೇವೆ. ಅಲ್ಲಿ ಟೌನ್ ಹಾಲ್‌ನ ಒಂದು ಇಡೀ ಭಾಗ ಇತ್ತು. 1945ರ ಮೇ ತಿಂಗಳಲ್ಲಿ, ಯುದ್ಧ ಇನ್ನೇನು ಮುಗೀತು ಅನ್ನೋವಾಗ, ಪ್ರಾಗ್ ಜನ ಜರ್ಮನ್ನರ ವಿರುದ್ಧ ಎದ್ದರು. ಆ ಹೊಡೆದಾಟದಲ್ಲಿ ಅದು ಸುಟ್ಟುಹೋಯಿತು. ಮತ್ತೆ ಕಟ್ಟಲೇ ಇಲ್ಲ. ಗೋಪುರಕ್ಕೆ ಅಂಟಿಕೊಂಡು ಮುರಿದ ಗೋಡೆಯ ಒಂದು ತುಂಡು ಈಗಲೂ ನಿಂತಿದೆ. ಬೆರಳು ಮಾಡಿ ತೋರಿಸದಿದ್ದರೆ ಯಾರ ಕಣ್ಣಿಗೂ ಬೀಳಲ್ಲ.

ಫೋನಿನ ಮ್ಯಾಪ್ ಇರೋದನ್ನು ಹೇಳುತ್ತದೆ, ಇಲ್ಲದ್ದನ್ನು ಹೇಳಲ್ಲ. ಚೌಕದಲ್ಲಿ ಕೀನ್‌ಸ್ಕಿ ಅರಮನೆ ಅಂತ ಅದು ತೋರಿಸುತ್ತದೆ. ಲೇಖಕ ಕಾಫ್ಕಾ ಓದಿದ ಶಾಲೆ ಅದರೊಳಗಿತ್ತು, 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟ್ ನಾಯಕ ಗಾಟ್‌ವಾಲ್ಡ್ ಅದರ ಬಾಲ್ಕನಿಯಲ್ಲಿ ನಿಂತೇ ಭಾಷಣ ಮಾಡಿದ ಅಂತ ಒಂದೇ ಉಸಿರಿಗೆ ಜೋಡಿಸಿ ಹೇಳೋಕೆ ಮನುಷ್ಯನೇ ಬೇಕು. ಇಲ್ಲಿನ ನೆಲಮಾಳಿಗೆ ಹೋಟೆಲುಗಳೂ ಹಾಗೇ. ನದಿ ಉಕ್ಕಿ ಬರುತ್ತಿದ್ದ ಕಾರಣ ಹಿಂದಿನವರು ಬೀದಿಗಳಿಗೆ ಮಣ್ಣು ತುಂಬಿ ಎತ್ತರ ಮಾಡಿದರು. ಹಾಗಾಗಿ ಅಂದಿನ ಎಷ್ಟೋ ಮನೆಗಳ ಅಂಗಳದ ಮಟ್ಟ ಇವತ್ತಿನ ನೆಲಮಾಳಿಗೆ. ಮೆಟ್ಟಿಲಿಳಿದು ಹೋಗಿ ಬಿಯರ್ ಕುಡಿಯೋ ಕೋಣೆ ಒಂದು ಕಾಲದಲ್ಲಿ ಬೀದಿ ಪಕ್ಕದ ಮನೆ.

ಇನ್ನೊಂದು ಮಾತು. ವಯಸ್ಸಾದ ಗೈಡ್ ಸಿಕ್ಕರೆ ಬಿಡಬೇಡಿ. 1989ರ ನವೆಂಬರ್‌ನಲ್ಲಿ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಬೀದಿಗಿಳಿದ ತಲೆಮಾರು ಇನ್ನೂ ಇದೆ. ಅವರನ್ನು ಪ್ರಶ್ನೆ ಕೇಳಬಹುದು. ಕಿವಿಗೆ ಹಾಕಿಕೊಳ್ಳೋ ಆಡಿಯೋ ಗೈಡನ್ನು ಏನು ಕೇಳ್ತೀರಿ?

ವಿರೋಧ: ಕೊಡೆ ನೋಡಿದ್ದೇ ಬಂತು

27 ಶಿಲುಬೆ ಸರಿ. ಒಪ್ಪೋಣ. ಆದರೆ ಗುಂಪು ಜಾಸ್ತಿ ಹೊತ್ತು ನಿಲ್ಲೋದು ಅಲ್ಲಲ್ಲ, ಟೌನ್ ಹಾಲ್ ಗೋಪುರದ ಗಡಿಯಾರದ ಎದುರು. ಅಲ್ಲಿ ಕೇಳೋ ಕಥೆ ಯಾವುದು? ಹನುಶ್ ಎಂಬ ಮೇಸ್ತ್ರಿ ಇದನ್ನು ಮಾಡಿದ, ಇಂಥದ್ದು ಬೇರೆ ಊರಿಗೆ ಮಾಡಿಕೊಡಬಾರದು ಅಂತ ಊರ ಹಿರಿಯರು ಅವನ ಕಣ್ಣು ಕೀಳಿಸಿದರು, ಅವನು ತಡವರಿಸುತ್ತಾ ಬಂದು ಗಡಿಯಾರ ಕೆಡಿಸಿದ. ಪಕ್ಕಾ ಸುಳ್ಳು. ಗಡಿಯಾರ ಮಾಡಿದವನು ಕಾಡಾನ್ ಊರಿನ ಮಿಕುಲಾಶ್ ಅಂತ 1410ರ ದಾಖಲೆಯೇ ಹೇಳುತ್ತದೆ. ನಮಗೆ ಇದು ಹೊಸದಲ್ಲ ಬಿಡಿ. ಬೇಲೂರಿನ ಮದನಿಕೆಗಳ ಕೆಳಗೆ ದಾಸೋಜನ ಹೆಸರು ಕಲ್ಲಿನಲ್ಲೇ ಕೊರೆದಿದೆ, ಆದರೂ ಜನಕ್ಕೆ ಕೈ ಕಡಿದುಕೊಂಡ ಜಕಣಾಚಾರಿಯೇ ಬೇಕು. ಕೆಲವು ಗೈಡ್‌ಗಳು ಕೊನೆಗೆ 'ಇದು ದಂತಕಥೆ' ಅಂತ ಒಂದು ಮಾತು ಸೇರಿಸುತ್ತಾರೆ. ಅಷ್ಟೊತ್ತಿಗೆ ಕೇಳುವವರ ತಲೆಯಲ್ಲಿ ಕಣ್ಣು ಕಿತ್ತದ್ದು ಕೂತಾಗಿದೆ.

ಗಂಟೆ ಹೊಡೆದಾಗ ಅಸ್ಥಿಪಂಜರ ಗಂಟೆಯ ಹಗ್ಗ ಎಳೆಯುತ್ತದೆ, ಮೇಲಿನ ಕಿಟಕಿಗಳಲ್ಲಿ ಯೇಸುವಿನ ಶಿಷ್ಯರಾದ ಅಪೊಸ್ತಲರ ಬೊಂಬೆಗಳು ಸರಿದು ಹೋಗುತ್ತವೆ. ಒಂದು ನಿಮಿಷದೊಳಗೆ ಮುಗೀತು. ಎಲ್ಲರೂ ಫೋನ್ ಇಳಿಸುತ್ತಾರೆ, ಗುಂಪು ಹೊರಡುತ್ತದೆ. ನಿಜವಾದ ಸೊಗಸು ಇರೋದು ಆ ಕಿಟಕಿಗಳ ಕೆಳಗೇ ಇರೋ ಗಡಿಯಾರದ ಮುಖದಲ್ಲಿ. ಅಲ್ಲಿ ಹನ್ನೆರಡು ರಾಶಿಗಳ ಉಂಗುರ ಇದೆ. ಚಿನ್ನದ ಸೂರ್ಯ ಈಗ ಯಾವ ರಾಶಿಯಲ್ಲಿದ್ದಾನೆ ಅಂತ ಅದು ತೋರಿಸುತ್ತದೆ. ಚಂದ್ರನ ಗುಂಡು ಅರ್ಧ ಕಪ್ಪು, ಅರ್ಧ ಬೆಳ್ಳಿ, ತಿರುಗುತ್ತಾ ಹುಣ್ಣಿಮೆ-ಅಮಾವಾಸ್ಯೆ ಹೇಳುತ್ತದೆ. ಹೊರಗಿನ ಉಂಗುರದಲ್ಲಿ ಸೂರ್ಯ ಮುಳುಗಿದಾಗಿನಿಂದ ಎಣಿಸೋ 24 ಗಂಟೆ. ದಿನಗಳು ಉದ್ದ-ಗಿಡ್ಡ ಆದ ಹಾಗೆ ಆ ಉಂಗುರವೇ ಹಿಂದೆ ಮುಂದೆ ಸರಿಯುತ್ತದೆ. ಪಂಚಾಂಗ ನೋಡೋ ಮನೆಯಲ್ಲಿ ಬೆಳೆದವರಿಗೆ ಇದನ್ನು ಓದೋಕೆ ಗೈಡ್ ಯಾಕೆ? ಸುಮ್ನೆ ಇಪ್ಪತ್ತು ನಿಮಿಷ ನಿಂತರೆ ಸಾಕು. ನಮ್ಮಲ್ಲಿ ಮೇಷ ಸಂಕ್ರಮಣ ಏಪ್ರಿಲ್ 14ರ ಸುಮಾರಿಗೆ, ಇಲ್ಲಿನ ಸೂರ್ಯ ಮಾರ್ಚ್ 21ರ ಹೊತ್ತಿಗೇ ಮೇಷಕ್ಕೆ ಬಂದಿರುತ್ತಾನೆ. ಅವರದು ಸಾಯನ, ಅಂದರೆ ಹಗಲು-ರಾತ್ರಿ ಸಮ ಆಗೋ ದಿನದಿಂದ ರಾಶಿ ಎಣಿಸೋದು; ನಮ್ಮದು ನಿರಯಣ, ಅಂದರೆ ನಕ್ಷತ್ರಗಳ ಲೆಕ್ಕ. ಗುಂಪಿನಲ್ಲಿ ನಿಂತು ಇದನ್ನು ಯೋಚಿಸೋಕಾಗುತ್ತಾ? ಕೊಡೆ ಆಗಲೇ ಮುಂದಿನ ಓಣಿ ಸೇರಿರುತ್ತದೆ, ನೀವು ಅದರ ಹಿಂದೆ ಓಡ್ತಿರ್ತೀರಿ.

'ಫ್ರೀ ಟೂರ್' ವಿಷಯಕ್ಕೆ ಬರೋಣ. ಫ್ರೀ ಅನ್ನೋದು ಬೋರ್ಡಿನಲ್ಲಿ ಮಾತ್ರ. ಗೈಡ್‌ನ ದಿನದ ಸಂಪಾದನೆ ಟಿಪ್ಸ್ ಮೇಲೆ. ಹಲವು ಕಡೆ ತಂದ ಪ್ರತಿ ತಲೆಗೂ ಅವನೇ ಕಂಪನಿಗೆ ದುಡ್ಡು ಕಟ್ಟಬೇಕು. ಹಾಗಿದ್ದಾಗ ಅವನು ಯೆಸೆನಿಯಸ್ ಬಗ್ಗೆ ಮಾತಾಡುತ್ತಾನಾ, ನಗಿಸುತ್ತಾನಾ? ನಗಿಸುತ್ತಾನೆ. ಅವನನ್ನು ಬೈಯೋ ಹಾಗಿಲ್ಲ, ಹೊಟ್ಟೆಪಾಡು. ಪಕ್ಕದಲ್ಲೇ 'ಹಳೇ ಬೊಹೀಮಿಯದ ತಿಂಡಿ' ಅಂತ ಬೋರ್ಡ್ ಹಾಕಿ ಟ್ರ್ಡೆಲ್ನಿಕ್ ಮಾರುತ್ತಾರೆ, ಕೋಲಿಗೆ ಸುತ್ತಿ ಸುಟ್ಟ ಸಿಹಿ ಹಿಟ್ಟಿನ ಸುರುಳಿ. ಅದು ಹೆಸರುವಾಸಿ ಆಗಿದ್ದು ಸ್ಲೊವಾಕಿಯದ ಸ್ಕಾಲಿತ್ಸಾ ಊರಲ್ಲಿ. ಪ್ರಾಗ್ ಬೀದಿಗಳನ್ನು ತುಂಬಿಕೊಂಡಿದ್ದು ಮೊನ್ನೆ ಮೊನ್ನೆ. ಪ್ರವಾಸಿಗರಿಗೆ ಅಂತ ತಯಾರಾದ ಹಳೆತನ ಈ ಬೀದಿಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಗುಂಪಿನ ನಡಿಗೆ ಅದನ್ನು ಇನ್ನಷ್ಟು ಬೆಳೆಸುತ್ತದೆ.

ಊರಲ್ಲಿ ಇರೋರ ಕಡೆಯಿಂದಲೂ ನೋಡಿ. ಮನೆ ಬಾಗಿಲಲ್ಲಿ ದಿನಾ ಮೂವತ್ತು ಜನ ನಿಂತು ಒಂದೇ ಜೋಕಿಗೆ ನಕ್ಕರೆ ಹೇಗಿರುತ್ತೆ? ವೆನಿಸ್ 2024ರಲ್ಲಿ ಗುಂಪಿಗೆ 25 ಜನ ಅಂತ ಮಿತಿ ಹಾಕಿತು, ಗೈಡ್‌ಗಳ ಲೌಡ್‌ಸ್ಪೀಕರ್ ನಿಲ್ಲಿಸಿತು. ಆಮ್‌ಸ್ಟರ್‌ಡ್ಯಾಮ್ ಕೆಂಪು ದೀಪದ ಬೀದಿಗಳ ಟೂರನ್ನೇ 2020ರಲ್ಲಿ ನಿಷೇಧಿಸಿತು. ಪ್ರಾಗ್ ಕೂಡ 2024ರಲ್ಲಿ ರಾತ್ರಿ ಹತ್ತರ ಮೇಲೆ ಗುಂಪು ಕಟ್ಟಿಕೊಂಡು ಬಾರ್‌ನಿಂದ ಬಾರ್‌ಗೆ ಕರೆದೊಯ್ಯೋ ಟೂರುಗಳನ್ನು ತಡೆಯಿತು. ಆ ತಡೆ ಹಗಲಿನ ನಡಿಗೆಗೆ ಅಲ್ಲ. ಗೈಡ್ ಬೇಕೇ ಬೇಕು ಅನ್ನೋರು ನಾಲ್ಕು ಜನ ಸೇರಿ, ಮೊದಲೇ ದರ ಮಾತಾಡಿ, ದುಡ್ಡು ಕೊಟ್ಟು ಒಬ್ಬರನ್ನು ಗೊತ್ತುಮಾಡಿಕೊಳ್ಳಲಿ. ಆಗ 'ಇಲ್ಲಿ ಇನ್ನೂ ಹತ್ತು ನಿಮಿಷ ನಿಲ್ಲೋಣ' ಅಂತಲಾದರೂ ಹೇಳಬಹುದು.