ಚೀನಾದ ಹಕ್ಕಿ, ಕಪ್ಪು ಸಮುದ್ರದ ಹಡಗು

2025ರ ಡಿಸೆಂಬರ್‌ನಲ್ಲಿ ನಮ್ಮ ಕಾರವಾರದ ಟಾಗೋರ್ ಕಡಲತೀರದ ಬಳಿ ಒಂದು ಸೀಗಲ್ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಅದರ ಮೈಗೆ ಕಟ್ಟಿದ್ದ ಜಿಪಿಎಸ್ ಯಂತ್ರದ ಮೇಲೆ ಚೀನಾದ ವಿಜ್ಞಾನ ಅಕಾಡೆಮಿಯ ಹೆಸರಿತ್ತು. ಸಂಜೆಯೊಳಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಹಕ್ಕಿಯದೇ ಮೆರವಣಿಗೆ. ಕದಂಬ ನೌಕಾನೆಲೆಯ ಚಿತ್ರ ತೆಗೆಯಲು ಬಂದದ್ದಂತೆ, ಕಣ್ಣಿನಲ್ಲಿ ಕ್ಯಾಮೆರಾ ಇತ್ತಂತೆ. ನಮ್ಮ ಕೇರಿಯ ಒಬ್ಬರು ತಮ್ಮ ಮನೆಯ ಹಂಚಿನ ಮೇಲೆ ಕುಳಿತ ಕೊಕ್ಕರೆಯ ಫೋಟೊವನ್ನೂ ಕಳುಹಿಸಿ "ಇದನ್ನೂ ಪರಿಶೀಲಿಸಬೇಕು" ಎಂದು ಬರೆದಿದ್ದರು.

ಮರುದಿನ ಪೇಟೆಯಲ್ಲಿ, ನನಗೆ ವರ್ಷಗಳಿಂದ ಮೀನು ಕೊಡುವ ಹೆಂಗಸು ಬಂಗಡೆಯ ಕಿವಿರನ್ನು ಎತ್ತಿ ತೋರಿಸುತ್ತಲೇ ಕೇಳಿದಳು: "ಅಕ್ಕೋರೇ, ಆ ಹಕ್ಕಿ ಗೂಢಚಾರಿಯಂತೆ, ಹೌದೇ?" ನಾನು ಇತಿಹಾಸ ಕಲಿಸಿ ನಿವೃತ್ತಳಾದವಳು, ಹಕ್ಕಿ ನನ್ನ ವಿಷಯವಲ್ಲ ಎಂದೆ. "ಹಾಗಾದರೆ ಬೈತಖೋಲದ ಧಕ್ಕೆಗೆ ಬಂಗಡೆ ಎಷ್ಟು ಕಡಿಮೆ ಬಂದಿದೆ ಎನ್ನುವುದನ್ನೂ ಅದು ಬೀಜಿಂಗ್‌ಗೆ ತಿಳಿಸಲಿ" ಎಂದು, ನೂರು ರೂಪಾಯಿಗೆ ಮೂರೇ ಮೂರು ಎಣಿಸಿ ಚೀಲಕ್ಕೆ ಹಾಕಿದಳು.

ಅವಳ ಮಾತು ಟಿವಿಯ ರಕ್ಷಣಾ ಪರಿಣತರ ಮಾತಿಗಿಂತ ಹದವಾಗಿತ್ತು. ಚಳಿಗಾಲದಲ್ಲಿ ಉತ್ತರದ ಶೀತ ಸೀಮೆಗಳಿಂದ ಸೀಗಲ್‌ಗಳು ನಮ್ಮ ಕಡಲಿಗೆ ಬರುವುದು ಅಜ್ಜಂದಿರ ಕಾಲದಿಂದಲೂ ಇದೆ. ನೌಕಾನೆಲೆಯನ್ನು ನೋಡಬೇಕೆಂದಿರುವ ದೇಶಕ್ಕೆ ಆಕಾಶದಲ್ಲಿ ಉಪಗ್ರಹಗಳಿವೆ. ಹಾಗೆಂದು ಚೀನಾ ನಮ್ಮ ಕಡಲಿನ ಮೇಲೆ ಕಣ್ಣಿಟ್ಟಿಲ್ಲ ಎಂದಲ್ಲ. 2017ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಅದು ತನ್ನ ಮೊದಲ ಹೊರದೇಶದ ಸೇನಾನೆಲೆಯನ್ನು ತೆರೆಯಿತು. ಅದೇ ವರ್ಷ ಶ್ರೀಲಂಕಾದ ಹಂಬನ್‌ತೋಟ ಬಂದರು 99 ವರ್ಷಗಳ ಗೇಣಿಗೆ ಚೀನೀ ಕಂಪನಿಯ ಕೈಗೆ ಹೋಯಿತು. 2022ರ ಆಗಸ್ಟ್‌ನಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ 'ಯುವಾನ್ ವಾಂಗ್ 5' ಅಲ್ಲಿಯೇ ಬಂದು ಲಂಗರು ಹಾಕಿತು. ಇವೆಲ್ಲ ಹಗಲು ಹೊತ್ತಿನಲ್ಲಿ, ಕಾಗದಪತ್ರ ಮಾಡಿಕೊಂಡೇ ನಡೆದ ಕೆಲಸಗಳು. ನಾವು ಮಾತ್ರ ಹಕ್ಕಿಯ ಪುಕ್ಕ ತಡವುತ್ತ ಕುಳಿತಿದ್ದೇವೆ.

ಚೀನಾಕ್ಕೆ ಈ ಕಡೆ ಇಷ್ಟು ಆಸ್ಥೆ ಏಕೆ ಎಂದು ಮಕ್ಕಳು ಕೇಳಿದರೆ ನಾನು ಅರಬೈಲು ಘಟ್ಟದ ಉದಾಹರಣೆ ಕೊಡುತ್ತಿದ್ದೆ. ಘಟ್ಟದ ತಿರುವಿನಲ್ಲಿ ಒಂದು ಲಾರಿ ಅಡ್ಡ ಬಿದ್ದರೆ ಹುಬ್ಬಳ್ಳಿಯ ತರಕಾರಿ ಅಂಕೋಲೆಗೆ ಬರುವುದಿಲ್ಲ, ನಮ್ಮ ಮೀನು ಹುಬ್ಬಳ್ಳಿಗೆ ಹೋಗುವುದಿಲ್ಲ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದ ಮೇಲೆ ಈ ಉದಾಹರಣೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಜೀವಗಳೂ ಹೋದವು, ಹೆದ್ದಾರಿಯೂ ಮುಚ್ಚಿತು. ಮುಂದಿನ ತಿಂಗಳೇ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಒಂದೇ ಮಳೆಗಾಲದಲ್ಲಿ ಎರಡು ಕಡೆ ಕತ್ತು ಹಿಸುಕಿದಂತಾಗಿತ್ತು ನಮಗೆ. ಚೀನಾದ ಅರಬೈಲು ಘಟ್ಟವೆಂದರೆ ಮಲಾಕ್ಕಾ ಜಲಸಂಧಿ. ಸಿಂಗಪುರದ ಬಳಿ ಅದರ ಹಡಗುದಾರಿ ಮೂರು ಕಿಲೋಮೀಟರಿಗೂ ಕಿರಿದಾಗುತ್ತದೆ. ಚೀನಾ ಕಡಲ ಮೇಲೆ ತರಿಸಿಕೊಳ್ಳುವ ತೈಲದ ಹೆಚ್ಚಿನ ಪಾಲು ಆ ಓಣಿಯಲ್ಲೇ ನುಸುಳಿ ಹೋಗಬೇಕು. 2003ರಲ್ಲಿ ಚೀನಾದ ಆಗಿನ ಅಧ್ಯಕ್ಷ ಹು ಜಿಂಟಾವ್ ಅವರನ್ನು ಕಾಡಿದ್ದು ಇದೇ ಚಿಂತೆ. ಆ ಓಣಿಯ ಪಶ್ಚಿಮದ ಬಾಯಿಯೆದುರು ನಮ್ಮ ನಿಕೋಬಾರ್ ಇದೆ.

ಕಡಲನ್ನು ಆಳಲು ಕಡಲನ್ನೆಲ್ಲ ಹಿಡಿಯಬೇಕಾಗಿಲ್ಲ, ಬಾಗಿಲುಗಳನ್ನು ಹಿಡಿದರೆ ಸಾಕು. ಈ ಪಾಠವನ್ನು ಏಷ್ಯಾಕ್ಕೆ ಮೈಮುಟ್ಟಿಸಿ ಕಲಿಸಿದವರು ಪೋರ್ಚುಗೀಸರು, ಅದೂ ನಮ್ಮ ಅಂಗಳದಲ್ಲಿಯೇ. 1505ರಲ್ಲಿ ಅವರ ಮೊದಲ ವೈಸರಾಯ್ ಅಲ್ಮೇಡಾ ಕೋಟೆ ಕಟ್ಟಿಸಿದ್ದು ಕಾರವಾರದ ಎದುರಿನ ಅಂಜುದೀವು ದ್ವೀಪದಲ್ಲಿ. ಐದು ವರ್ಷಗಳ ನಂತರ ಅವನ ಉತ್ತರಾಧಿಕಾರಿ ಅಲ್ಬುಕರ್ಕ್ ಬೇರೆಲ್ಲಿಗೋ ಹೊರಟಿದ್ದಾಗ, ಗೋವಾದ ಮೇಲೆ ಬೀಳು ಎಂದು ಕಿವಿಯೂದಿದವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರ ಬಾಯಲ್ಲಿ ತಿಮೋಜಾ. ವಿಜಯನಗರದ ಪರವಾಗಿದ್ದ ಕಡಲಾಳು. ಅವನ ಲೆಕ್ಕ ಸರಳವಾಗಿತ್ತು: ಬಿಜಾಪುರದವರನ್ನು ಗೋವಾದಿಂದ ಓಡಿಸಲು ಹೊರಗಿನವರನ್ನು ಬಳಸಿಕೊಳ್ಳುವುದು, ಆಮೇಲೆ ನೋಡಿಕೊಳ್ಳುವುದು. ಆಮೇಲೆ ನೋಡಿಕೊಂಡವರು ಪೋರ್ಚುಗೀಸರು, 451 ವರ್ಷ. ನಮ್ಮ ಹಡಗುಗಳು ನಮ್ಮದೇ ಕಡಲಿನಲ್ಲಿ ಓಡಾಡಲು ಅವರಿಂದ 'ಕಾರ್ತಾಜ್' ಎಂಬ ಚೀಟಿ ಪಡೆಯಬೇಕಾಯಿತು. 1961ರ ನವೆಂಬರ್‌ನಲ್ಲಿ 'ಸಾಬರಮತಿ' ಎಂಬ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿದ್ದೂ ಅದೇ ಅಂಜುದೀವಿನಿಂದ. ಡಿಸೆಂಬರ್ 18ರಂದು ನಮ್ಮ ನೌಕಾಪಡೆ ಆ ದ್ವೀಪಕ್ಕೆ ಇಳಿದಾಗ ಏಳು ಮಂದಿ ಪ್ರಾಣ ಕೊಟ್ಟರು. ಇಂದು ಅದೇ ದ್ವೀಪ ನೌಕಾನೆಲೆಗೆ ಅಲೆ ತಡೆಯುವ ಗೋಡೆಯಾಗಿ ನಿಂತಿದೆ.

ಅಮೆರಿಕದ ಜೊತೆ ನಾಲ್ಕು ದೇಶಗಳ ಕೂಟವಾದ ಕ್ವಾಡ್ ಕಟ್ಟಿಕೊಂಡು ಚೀನಾವನ್ನು ಕಟ್ಟಿಹಾಕಿಬಿಡುತ್ತೇವೆ ಎಂದು ಯಾರಾದರೂ ಎದೆ ತಟ್ಟಿದಾಗ ನನಗೆ ತಿಮ್ಮಯ್ಯ ನೆನಪಾಗುತ್ತಾನೆ. ಕೂಟ ಬೇಡವೆಂದು ನಾನು ಹೇಳುತ್ತಿಲ್ಲ. ಗಾಲ್ವಾನ್‌ನಲ್ಲಿ ಇಪ್ಪತ್ತು ಯೋಧರನ್ನು ಕಳೆದುಕೊಂಡ ದೇಶಕ್ಕೆ ಗೆಳೆಯರು ಬೇಕು. ಆದರೆ ಅದೇ ಗೆಳೆಯ, ರಷ್ಯಾದ ತೈಲ ಕೊಳ್ಳುತ್ತೀರಿ ಎಂದು 2025ರ ಆಗಸ್ಟ್‌ನಲ್ಲಿ ನಮ್ಮ ಸರಕಿನ ಮೇಲೆ ಇನ್ನೂ ಶೇಕಡಾ 25 ಸೇರಿಸಿ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಸಿಗಡಿ ಕೃಷಿಯವರ ಮುಖ ನೋಡಬೇಕಾಗಿತ್ತು. ನಮ್ಮ ಸಿಗಡಿಯನ್ನು ಹೆಚ್ಚು ಕೊಳ್ಳುವ ದೇಶವೇ ಅದು. ದೊಡ್ಡವರ ಸ್ನೇಹ ಮುಂಗಾರಿನ ಹೊಳೆಯ ಹಾಗೆ, ನೀರು ಕುಡಿಸುತ್ತದೆ, ದಂಡೆಯನ್ನೂ ಕೊರೆಯುತ್ತದೆ.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

ನಮ್ಮ ನೆಲೆಯ ದೊಡ್ಡ ಮಗ, ವಿಮಾನವಾಹಕ ನೌಕೆ 'ಐಎನ್‌ಎಸ್ ವಿಕ್ರಮಾದಿತ್ಯ' ಹುಟ್ಟಿದ್ದು ಎಲ್ಲಿ ಗೊತ್ತೇ? ಈಗಿನ ಉಕ್ರೇನಿನ ಮಿಕೊಲಾಯಿವ್ ನಗರದಲ್ಲಿ, ಕಪ್ಪು ಸಮುದ್ರದ ಹಡಗು ಕಾರ್ಖಾನೆಯಲ್ಲಿ, ಸೋವಿಯತ್ ಕಾಲದಲ್ಲಿ. ಆಗ ಅದರ ಹೆಸರು ಬಾಕು. ಆಮೇಲೆ ಗೋರ್ಷ್‌ಕೋವ್ ಆಯಿತು. ಅದೇ ಕಾರ್ಖಾನೆಯಲ್ಲಿ 1985ರಲ್ಲಿ ಇನ್ನೊಂದು ಹಡಗಿಗೆ ಅಡಿಪಾಯ ಬಿದ್ದಿತ್ತು. ಅದು ವಾರ್ಯಾಗ್. ಕಟ್ಟುವುದು ಮುಗಿಯುವ ಮೊದಲೇ ಸೋವಿಯತ್ ಒಕ್ಕೂಟ ಒಡೆಯಿತು. ಎಂಜಿನ್ ಓಡದ, ಆಯುಧವಿಲ್ಲದ ಬರಿಯ ಕಬ್ಬಿಣದ ಗೂಡಾಗಿ ಅದು ತುಕ್ಕು ಹಿಡಿಯುತ್ತ ನಿಂತಿತು. 1998ರಲ್ಲಿ ಒಬ್ಬ ಚೀನೀ ವ್ಯಾಪಾರಿ ಎರಡು ಕೋಟಿ ಡಾಲರಿಗೆ ಅದನ್ನು ಕೊಂಡ. ಮಕಾವಿನಲ್ಲಿ ತೇಲುವ ಜೂಜುಮನೆ ಮಾಡುತ್ತೇನೆ ಎಂದು ಹೇಳಿದ! ಟರ್ಕಿ ತನ್ನ ಜಲಸಂಧಿಯಲ್ಲಿ ಬಿಡದೆ ವರ್ಷಕ್ಕೂ ಹೆಚ್ಚು ಕಾಯಿಸಿತು. ಕೊನೆಗೆ ಆಫ್ರಿಕಾದ ತುದಿ ಸುತ್ತಿ, ಹಗ್ಗ ಕಟ್ಟಿ ಎಳೆಸಿಕೊಂಡು, 2002ರಲ್ಲಿ ಅದು ಚೀನಾದ ದಾಲ್ಯಾನ್ ಮುಟ್ಟಿತು. ಜೂಜುಮನೆ ಆಗಲಿಲ್ಲ. 2012ರಲ್ಲಿ 'ಲ್ಯಾವೊನಿಂಗ್' ಎಂಬ ಹೆಸರಿನಲ್ಲಿ ಚೀನಾದ ಮೊದಲ ವಿಮಾನವಾಹಕ ನೌಕೆಯಾಯಿತು.

ಒಂದೇ ತೊಟ್ಟಿಲಿನಲ್ಲಿ ಬೆಳೆದ ಎರಡು ಕೂಸುಗಳು. ಒಂದು ನೌಕಾನೆಲೆಯಿರುವ ನಮ್ಮ ಅರ್ಗಾದಲ್ಲಿ, ಇನ್ನೊಂದು ಚೀನಾದ ಕಡಲಿನಲ್ಲಿ. ಮಧ್ಯಾಹ್ನದ ನಿದ್ದೆ ಬಿಟ್ಟು ನಾನು ಎಷ್ಟೋ ದಿನ ಇದನ್ನೇ ಯೋಚಿಸಿದ್ದೇನೆ. ನಾವು 2004ರಲ್ಲಿ ರಷ್ಯಾದ ಜೊತೆ ಒಪ್ಪಂದ ಮಾಡಿಕೊಂಡೆವು. 2008ಕ್ಕೆ ಬರಬೇಕಾದ ಹಡಗು 2013ಕ್ಕೆ ಕೈಗೆ ಬಂತು. ನೂರು ಕೋಟಿ ಡಾಲರಿನೊಳಗೆ ಇದ್ದ ಬೆಲೆ 235 ಕೋಟಿಗೆ ಏರಿತು. ದುರಸ್ತಿ, ಮಾರ್ಪಾಡು ಎಲ್ಲ ಸೆವೆರೊದ್ವಿನ್ಸ್ಕ್‌ನಲ್ಲಿ ರಷ್ಯನ್ನರ ಕೈಯಲ್ಲಿ ನಡೆಯಿತು. ನಾವು ಸಿದ್ಧ ಮನೆ ಕೊಂಡೆವು. ಚೀನಾ ಹಾಳು ಗೋಡೆ ಕೊಂಡು, ಅದನ್ನು ಬಿಚ್ಚಿ, ಅಳೆದು, ಮತ್ತೆ ಜೋಡಿಸಿ ಮನೆ ಕಟ್ಟುವುದನ್ನೇ ಕಲಿತುಬಿಟ್ಟಿತು. 2019ರಲ್ಲಿ ಎರಡನೆಯದು, ಶಾಂಡೊಂಗ್. 2025ರ ನವೆಂಬರ್‌ನಲ್ಲಿ ಮೂರನೆಯದು, ಫೂಜ್ಯಾನ್, ವಿದ್ಯುತ್ಕಾಂತದ ಬಲದಿಂದ ವಿಮಾನಗಳನ್ನು ಚಿಮ್ಮಿಸುವ ಹಡಗು.

ನಮ್ಮವರು ಕೈಕಟ್ಟಿ ಕುಳಿತಿದ್ದರು ಎಂದರೆ ಅನ್ಯಾಯವಾಗುತ್ತದೆ. ಕೊಚ್ಚಿಯಲ್ಲಿ ವಿಕ್ರಾಂತ್ ಕಟ್ಟಿದರು. ಅದರ ಉಕ್ಕು ನಮ್ಮದೇ. ಆದರೆ 2009ರಲ್ಲಿ ಅಡಿಪಾಯ ಹಾಕಿದ್ದು ನೌಕಾಪಡೆಗೆ ಸೇರಿದ್ದು 2022ರಲ್ಲಿ. ಜಗತ್ತಿನ ಹಡಗು ನಿರ್ಮಾಣದಲ್ಲಿ ಟನ್ ಲೆಕ್ಕದಲ್ಲಿ ಅರ್ಧಕ್ಕೂ ಹೆಚ್ಚು ಚೀನಾದ್ದು. ನಮ್ಮದು ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಪೆಂಟಗನ್ ಲೆಕ್ಕದಲ್ಲಿ ಚೀನಾದ ಯುದ್ಧನೌಕೆಗಳು 370ಕ್ಕೂ ಹೆಚ್ಚು. ಅವು ಯಾವುದೋ ಮಂತ್ರದಿಂದ ಉದುರಿದವಲ್ಲ. ಸರಕು ಹಡಗು ಕಟ್ಟುವ ಅಂಗಳದಲ್ಲೇ, ಅದೇ ಬೆಸುಗೆಗಾರರ ಕೈಯಲ್ಲೇ ಯುದ್ಧನೌಕೆಯೂ ಎದ್ದು ನಿಲ್ಲುತ್ತದೆ. ಏಷ್ಯಾದ ದೊಡ್ಡ ಪೈಪೋಟಿ ನಡೆಯುತ್ತಿರುವುದು ಬೆಸುಗೆಯ ಕಿಡಿ ಹಾರುವ ಆ ಅಂಗಳದಲ್ಲಿ. ಟಿವಿಯವರು ಕ್ಷಿಪಣಿಯ ಬಾಣ ಬರೆದು ತೋರಿಸುವ ನಕಾಶೆಯಲ್ಲಿ ಅದು ಕಾಣುವುದಿಲ್ಲ.

ಕಾರವಾರವನ್ನೇ ನೋಡಿ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಇಲ್ಲಿನ ನೌಕಾನೆಲೆಯ 'ಸೀಬರ್ಡ್' ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಹತ್ತೊಂಬತ್ತು ವರ್ಷ! ಜಾಗ ಆರಿಸಿದವರ ಬುದ್ಧಿಗೆ ಮಾತ್ರ ನಾನು ಕೈಮುಗಿಯುತ್ತೇನೆ. ಮುಂಬೈಯಲ್ಲಿ ನೌಕಾಪಡೆಗೆ ಕಾಲು ಚಾಚಲು ಜಾಗವಿರಲಿಲ್ಲ. ಇಲ್ಲಿ ಆಳವಾದ ನೀರು, ಬೆನ್ನಿಗೆ ಸಹ್ಯಾದ್ರಿ, ಎದುರಿಗೆ ದ್ವೀಪಗಳು. ನಮ್ಮ ಶಿಪ್‌ಲಿಫ್ಟ್ 10,000 ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತಿ ಒಣನೆಲದ ಮೇಲೆ ಇಡುತ್ತದೆ. ವಿಕ್ರಮಾದಿತ್ಯದ ತೂಕ ಸುಮಾರು 44,500 ಟನ್. ಹಾಗಾಗಿ ದೊಡ್ಡ ದುರಸ್ತಿ ಎಂದರೆ ಅದು ಕೊಚ್ಚಿಗೇ ಹೋಗಬೇಕು.

ಈ ನೆಲೆಯ ಬಗ್ಗೆ ನಾನು ತಟಸ್ಥಳಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆ ಅರ್ಗಾದಲ್ಲಿತ್ತು. ಕಾರವಾರ, ಅಂಕೋಲಾ ತಾಲೂಕುಗಳ ಹದಿಮೂರು ಹಳ್ಳಿಗಳಿಂದ ಎದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳಲ್ಲಿ ನಮ್ಮದೂ ಒಂದು. ಮನೆ ಬಿಡುವ ದಿನ ಆಯಿ ಒಲೆಯ ಬೂದಿಯನ್ನು ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಎಳೆದು ಬಂದಳು. ನಾಳೆ ಬುಲ್ಡೋಜರ್ ಬರುತ್ತದೆ, ಯಾರಿಗೆ ಈ ರಂಗೋಲಿ ಎಂದು ಅಣ್ಣ ರೇಗಿದ. "ಬರುವವರು ಯಾರಾದರೂ ಆಗಲಿ, ಗಲೀಜು ಮನೆಯನ್ನು ಒಪ್ಪಿಸುವುದಿಲ್ಲ" ಎಂದಳು. ಪರಿಹಾರದ ಕಡತಕ್ಕಾಗಿ ಒಂದು ಕಚೇರಿಗೆ ಅಣ್ಣ ತಿರುಗಿದ ತಿರುಗಾಟವನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಾಲೋನಿಯಲ್ಲಿ ಪ್ರತಿ ಮನೆಗೂ ಅಂಥದೊಂದು ಪುರಾಣವಿದೆ. ನೆಲೆ ಬೇಕಿತ್ತು ಎಂದೇ ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ನನಗಿರುವ ಸಿಟ್ಟು ಬೇರೆ. ಹನ್ನೊಂದು ಸಾವಿರ ಎಕರೆಗೂ ಹೆಚ್ಚು ನೆಲ ಪಡೆದ ಯೋಜನೆಯ ಪಕ್ಕದಲ್ಲಿ, ನಮ್ಮ ಹುಡುಗರ ಕೈಗೆ ಹಡಗಿನ ಕಸುಬು ಕಲಿಸುವ ಒಂದು ದೊಡ್ಡ ವ್ಯವಸ್ಥೆ ಮೂವತ್ತು ವರ್ಷಗಳ ಹಿಂದೆಯೇ ಏಳಬೇಕಿತ್ತು. ಭೂಮಿ ಕೊಟ್ಟವರ ಮೊಮ್ಮಕ್ಕಳಿಗೆ ಗುತ್ತಿಗೆಯಲ್ಲಿ ಹುಲ್ಲು ಕೊಯ್ಯುವ ಕೆಲಸ ಸಿಕ್ಕರೆ ಅದನ್ನು ತಂತ್ರಗಾರಿಕೆ ಎನ್ನುವುದಿಲ್ಲ.

ಇದೇ ನೆಲೆಯಿಂದ ಒಂದು ಒಳ್ಳೆಯ ಕೆಲಸವೂ ಹೊರಟಿತು, ಅದನ್ನು ಟಿವಿಯವರು ಹಕ್ಕಿಯಷ್ಟು ತೋರಿಸಲಿಲ್ಲ. 2025ರ ಏಪ್ರಿಲ್ 5ರಂದು 'ಐಎನ್‌ಎಸ್ ಸುನಯನಾ' ಕಾರವಾರದಿಂದ ಹೊರಟಾಗ ಅದರಲ್ಲಿ ನಮ್ಮವರ ಜೊತೆ ಒಂಬತ್ತು ದೇಶಗಳ 44 ನೌಕಾ ಸಿಬ್ಬಂದಿ ಇದ್ದರು: ಮಾಲ್ದೀವ್ಸ್, ಶ್ರೀಲಂಕಾ, ಮಾರಿಷಸ್, ಕೀನ್ಯಾ, ಮೊಜಾಂಬಿಕ್ ಹೀಗೆ. ಒಂದೇ ಅಡುಗೆಮನೆಯ ಊಟ, ಒಂದೇ ಪಾಳಿಯ ಕೆಲಸ. ಒಂದು ವರ್ಷದ ಹಿಂದಷ್ಟೇ ಮಾಲ್ದೀವ್ಸ್ ನಮ್ಮ ಸೈನಿಕರನ್ನು ಮನೆಗೆ ಕಳುಹಿಸಿತ್ತು ಎನ್ನುವುದನ್ನು ನೆನಪಿಡಿ. ಸಣ್ಣ ದೇಶಗಳ ವರ್ತನೆಗೆ ನಮ್ಮವರು ಸಿಟ್ಟಾಗುತ್ತಾರೆ, ನನಗೆ ಸಿಟ್ಟು ಬರುವುದಿಲ್ಲ. ಇಬ್ಬರು ಒಡೆಯರ ಗದ್ದೆಯ ನಡುವೆ ಬದುಕುವ ಗೇಣಿದಾರ ಇಬ್ಬರಿಗೂ ನಮಸ್ಕಾರ ಹೇಳುತ್ತಾನೆ, ಯಾರು ಬೀಜಕ್ಕೆ ಸಾಲ ಕೊಡುತ್ತಾರೋ ಅವರ ಜಗಲಿಯಲ್ಲಿ ಕೂರುತ್ತಾನೆ.

ನನ್ನ ಅಣ್ಣನ ಮಗ ಡಿಪ್ಲೊಮಾ ಮುಗಿಸಿ ಈಗ ಕೊಚ್ಚಿಯಲ್ಲಿ ಹಡಗಿನ ಬೆಸುಗೆ ಕಲಿಯುತ್ತಿದ್ದಾನೆ. ಇಲ್ಲಿಂದ ನೌಕಾನೆಲೆ ನಡೆದು ಹೋಗುವಷ್ಟು ಹತ್ತಿರ. ಅವನು ರಾತ್ರಿಯ ರೈಲು ಹತ್ತಿ ಕೇರಳಕ್ಕೆ ಹೋದ. ಅರ್ಗಾದ ಮನೆಯನ್ನು ಅವನು ನೋಡಿಯೇ ಇಲ್ಲ, ನಮ್ಮ ಬಾಯಿಂದ ಕೇಳಿದ್ದಷ್ಟೇ. ಮೊನ್ನೆ ಸಂದೇಶ ಕಳುಹಿಸಿದ್ದ: "ಅತ್ತೆ, ನಮ್ಮ ಹಳೆಯ ಮನೆಯ ಅಂಗಳದಿಂದ ನೀರಿಗೆ ಎಷ್ಟು ದೂರವಿತ್ತು? ಇಲ್ಲಿ ಡಾಕ್‌ನಲ್ಲಿ ನಿಂತಿರುವ ಹಡಗು ಅದಕ್ಕಿಂತ ಉದ್ದವಿರಬೇಕು."

ಕಣ್ಣು ಮುಚ್ಚಿ ಲೆಕ್ಕ ಹಾಕಿದೆ. ತುಳಸಿಕಟ್ಟೆ, ಬಾವಿ, ಎರಡು ತೆಂಗು, ರಂಪಣಿ ಬಲೆ ಒಣಗಿಸುವ ಜಾಗ, ಆಮೇಲೆ ಮರಳು. ಇನ್ನೂರು ಹೆಜ್ಜೆ ಎಂದು ಉತ್ತರ ಬರೆದೆ. ಮಳೆಗಾಲದಲ್ಲಿ ನೂರೈವತ್ತು.