ಮುನ್ನೂರು ಚಿಲ್ಲರೆ ಜನ

ಅಮೆರಿಕದ ಇಲಿನಾಯ್ ರಾಜ್ಯದ ಹಳ್ಳಿಗಳಿಗೆ ಸಂಕೋಚವೇ ಇಲ್ಲ. ಊರ ಬಾಗಿಲಲ್ಲೇ ಒಂದು ಹಸಿರು ಬೋರ್ಡು ನೆಟ್ಟು, ಹೆಸರಿನ ಕೆಳಗೆ ಜನಸಂಖ್ಯೆ ಬರೆದುಬಿಡುತ್ತವೆ. ಒಂದು ಕಡೆ ಮುನ್ನೂರು ಚಿಲ್ಲರೆ, ಇನ್ನೊಂದು ಕಡೆ ನೂರೂ ಇಲ್ಲ. ನಮ್ಮ ಬೆಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟರೆ ಇದಕ್ಕಿಂತ ಜಾಸ್ತಿ ಜನ ಕೆಳಗೆ ಸೇರುತ್ತಾರೆ.

ನಾವಿರುವುದು ಬ್ಲೂಮಿಂಗ್ಟನ್‌ನಲ್ಲಿ. ವಿಮೆ ಕಂಪನಿಗಳ ಐಟಿ ಕೆಲಸಕ್ಕೆಂದು ಬಂದವರು ಇಲ್ಲಿ ಸಾಕಷ್ಟಿದ್ದಾರೆ. ಯಾವ ದಿಕ್ಕಿಗೆ ಕಾರು ತಿರುಗಿಸಿದರೂ ಸ್ವಲ್ಪ ಹೊತ್ತಿಗೆ ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ರಸ್ತೆಗಳೋ ದಾರ ಹಿಡಿದು ಎಳೆದಷ್ಟು ನೇರ. 1785ರಲ್ಲೇ ಕಾನೂನು ಮಾಡಿ, ನೆಲವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆಯಲು ಹೊರಟಿದ್ದರು. ಒಂದೊಂದು ಚೌಕದಲ್ಲಿ 36 ತುಂಡು, ಅದರಲ್ಲಿ ಹದಿನಾರನೆಯದು ಶಾಲೆಗೆ ಮೀಸಲು. ಆಮೇಲೆ ರೈಲು ಬಂತು. ರೈತ ಕುದುರೆ ಗಾಡಿಯಲ್ಲಿ ಧಾನ್ಯ ತಂದು ಹಾಕಿ, ಕತ್ತಲಾಗುವುದರೊಳಗೆ ಮನೆ ಸೇರಬೇಕಲ್ಲ, ಅದಕ್ಕೇ ಹಳಿಯುದ್ದಕ್ಕೂ ಕೆಲವು ಮೈಲಿಗೊಂದು ಊರು. ಊರಿಗೊಂದು ಎತ್ತರದ ಕಣಜ. ಇಲ್ಲಿಯವರು ಅದನ್ನು ಎಲಿವೇಟರ್ ಅನ್ನುತ್ತಾರೆ. ಬೋರ್ಡು ಕಾಣುವುದಕ್ಕೆ ಎಷ್ಟೋ ಮೊದಲೇ ಅದು ಕಾಣುತ್ತದೆ.

ಊರು ಇಷ್ಟು ಸಣ್ಣದಾದದ್ದು ಬೆಳೆ ಸೋತು ಅಲ್ಲ. ಮೆಕ್ಕೆಜೋಳದಲ್ಲಿ ನಮ್ಮ ಮೆಕ್ಲೀನ್ ಕೌಂಟಿ ಇಡೀ ದೇಶದಲ್ಲೇ ಮುಂಚೂಣಿಯದು. ಹೊಲ ತುಂಬಿದೆ, ಊರು ಖಾಲಿಯಾಗಿದೆ. ಸಾವಿರ ಎಕರೆ ನೋಡಿಕೊಳ್ಳುವ ಕುಟುಂಬ ಇಲ್ಲಿ ಅಪರೂಪವಲ್ಲ. ಹಿಂದೆ ಹತ್ತಾರು ಮನೆಯವರು ಮಾಡುತ್ತಿದ್ದ ಕೊಯ್ಲನ್ನು ಈಗ ಒಬ್ಬ ಮನುಷ್ಯ ಎಸಿ ಕ್ಯಾಬಿನ್ನಿನಲ್ಲಿ ಕೂತು ಮುಗಿಸುತ್ತಾನೆ. ಉಳಿದವರ ಮಕ್ಕಳು ಷಿಕಾಗೋಗೆ ಹೋದರು. ಹಾಗಂತ ಕೈಗೆ ಕೈ ಸೇರಿಸುವುದು ನಿಂತಿಲ್ಲ. ಸುಗ್ಗಿಯ ಹೊತ್ತಿಗೆ ಯಾರಾದರೂ ಕಾಯಿಲೆ ಬಿದ್ದರೆ, ಅಕ್ಕಪಕ್ಕದವರೆಲ್ಲ ತಮ್ಮ ತಮ್ಮ ಕಂಬೈನ್ ಎಂಬ ಕೊಯ್ಲು ಯಂತ್ರ ತಂದು, ಅವರ ಹೊಲ ಕೊಯ್ದು, ಧಾನ್ಯ ಎಲಿವೇಟರಿಗೆ ಸಾಗಿಸಿಕೊಡುತ್ತಾರೆ. ನಮ್ಮ ಕಡೆಯ ಮುಯ್ಯಾಳೇ ಯಂತ್ರ ಹತ್ತಿಕೊಂಡು ಬಂದ ಹಾಗೆ.

ಬೋರ್ಡಿನ ಅಂಕಿ ಸುಮ್ನೆ ಅಲಂಕಾರಕ್ಕಲ್ಲ. ರಾಜ್ಯದ ಆದಾಯ ತೆರಿಗೆಯಲ್ಲಿ ಊರಿಗೆ ಬರುವ ಪಾಲು ತಲೆಲೆಕ್ಕದ ಮೇಲೆ. ಪೆಟ್ರೋಲ್ ತೆರಿಗೆಯ ಪಾಲೂ ಹಾಗೆಯೇ. ಒಂದು ಮನೆ ಖಾಲಿಯಾದರೆ, ಮುಂದಿನ ಗಣತಿಯ ನಂತರ ರಸ್ತೆಯ ಗುಂಡಿ ಮುಚ್ಚುವ ದುಡ್ಡಿನಲ್ಲಿ ಅಷ್ಟು ಕಮ್ಮಿ.

ಜನ ಕಡಿಮೆಯಾದರೂ ಕುರ್ಚಿಗಳು ಕಡಿಮೆಯಾಗುವುದಿಲ್ಲ, ಅದೇ ತಮಾಷೆ. ಇಲಿನಾಯ್‌ನ ಹಳ್ಳಿಗೆ ಒಬ್ಬ ಅಧ್ಯಕ್ಷ, ನಮ್ಮ ಪಂಚಾಯಿತಿ ಸದಸ್ಯರಂಥ ಆರು ಟ್ರಸ್ಟಿಗಳು ಬೇಕು. ಬೆಂಕಿ ಆರಿಸುವವರು ಬೇಕು. ಅವರು ಸಂಬಳದವರಲ್ಲ, ಊರಿನವರೇ. ಪ್ರತಿ ತಿಂಗಳ ಮೊದಲ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಸೈರನ್ ಸರಿಯಿದೆಯಾ ಅಂತ ಕೂಗಿಸಿ ನೋಡುತ್ತಾರೆ. ಹೊಸಬರು ಸುಂಟರಗಾಳಿಯೇ ಬಂತೆಂದು ಬೇಸ್‌ಮೆಂಟಿಗೆ ಓಡುತ್ತಾರೆ. ಇನ್ನು ಚರ್ಚಿನ ಅಡುಗೆಮನೆಗೆ ಜನ ಬೇಕು, ಗ್ರಂಥಾಲಯಕ್ಕೆ ಬೇಕು. ಎಣಿಸುತ್ತಾ ಹೋದರೆ ಮುನ್ನೂರು ಜನರ ಊರಲ್ಲಿ ಆರುನೂರು ಜನರ ಕೆಲಸವಿದೆ. ಒಬ್ಬೊಬ್ಬರ ತಲೆಯ ಮೇಲೂ ಎರಡು ಮೂರು ಟೋಪಿ.

ಇದರ ತುತ್ತತುದಿ ನೋಡಬೇಕಾದರೆ ಪಶ್ಚಿಮಕ್ಕೆ, ನೆಬ್ರಾಸ್ಕಾದ ಮೊನೊವಿಗೆ ಹೋಗಬೇಕು. 2000ದ ಗಣತಿಯಲ್ಲಿ ಅಲ್ಲಿ ಇಬ್ಬರೇ, ಗಂಡ ಹೆಂಡತಿ. 2004ರಲ್ಲಿ ಗಂಡ ರೂಡಿ ಐಲರ್ ತೀರಿಕೊಂಡರು. 2010ರ ಗಣತಿಯಲ್ಲಿ ಒಬ್ಬರು, ಎಲ್ಸಿ ಐಲರ್. ಮೇಯರ್ ಅವರೇ, ಗುಮಾಸ್ತೆ ಅವರೇ, ಖಜಾಂಚಿಯೂ ಅವರೇ. ಊರಿನ ಬಾರ್ ನಡೆಸುವವರೂ ಅವರೇ. ಮೇಯರ್ ಆಗಿ ತಮ್ಮ ಬಾರಿಗೆ ತಾವೇ ಲೈಸೆನ್ಸ್ ಕೊಟ್ಟುಕೊಳ್ಳುತ್ತಿದ್ದರು. ಗಂಡ ಓದಿ ಇಟ್ಟಿದ್ದ ಸಾವಿರಾರು ಪುಸ್ತಕಗಳಿಂದ ಒಂದು ಪುಟ್ಟ ಗ್ರಂಥಾಲಯವನ್ನೂ ಮಾಡಿದರು. ಇಷ್ಟಾದ ಮೇಲೆ 2020ರ ಗಣತಿ ಬಂತು. ಜನಸಂಖ್ಯೆ ಎರಡು ಅಂತ ಪ್ರಕಟವಾಯಿತು! ಯಾರಪ್ಪಾ ಇನ್ನೊಬ್ಬರು? ಯಾರೂ ಇಲ್ಲ. ಜನರ ಖಾಸಗಿ ವಿವರ ಬಯಲಾಗಬಾರದೆಂದು ಗಣತಿಯವರು ಸಣ್ಣ ಜಾಗಗಳ ಅಂಕಿಗಳನ್ನು ಬೇಕೆಂದೇ ಒಂಚೂರು ಹಿಂದೆಮುಂದೆ ಮಾಡಿದ್ದರು. ಒಂಟಿ ಹೆಂಗಸಿನ ಗುಟ್ಟು ಕಾಪಾಡಲು ಸರ್ಕಾರ ಇಲ್ಲದ ನೆರೆಯವರೊಬ್ಬರನ್ನು ಕೊಟ್ಟಿತ್ತು. ನಗಬೇಕೋ ಮೆಚ್ಚಬೇಕೋ ಗೊತ್ತಾಗುವುದಿಲ್ಲ.

ಶಾಲೆಗಳ ಕತೆ ಇಷ್ಟು ನಗು ತರಿಸುವುದಿಲ್ಲ. ಮಕ್ಕಳು ಸಾಲದೆ ಊರೂರು ಸೇರಿ ಒಂದೇ ಶಾಲೆ ಮಾಡಿಕೊಂಡಿವೆ. ನಮ್ಮ ಪೂರ್ವಕ್ಕೆ ಗಿಬ್ಸನ್ ಸಿಟಿ-ಮೆಲ್ವಿನ್-ಸಿಬ್ಲಿ ಎಂಬ ಶಾಲೆಯಿದೆ. ಯಾವ ಊರಿನ ಹೆಸರನ್ನೂ ಬಿಡಲು ಮನಸ್ಸಾಗಿಲ್ಲ ನೋಡಿ. ಹುಡುಗರ ಜೆರ್ಸಿಯ ಮೇಲೆ ಅದು ಜಿಸಿಎಂಎಸ್. ಹಳಬರು ಈಗಲೂ 1952ರ ಹೆಬ್ರಾನ್ ಕತೆ ಹೇಳುತ್ತಾರೆ. ಬರೀ 98 ಮಕ್ಕಳಿದ್ದ ಆಲ್ಡನ್-ಹೆಬ್ರಾನ್ ಶಾಲೆ, ಆಗ ಎಲ್ಲರಿಗೂ ಒಂದೇ ಪಂದ್ಯಾವಳಿ ಇದ್ದ ಕಾಲದಲ್ಲಿ, ದೊಡ್ಡ ಕ್ವಿನ್ಸಿ ಶಾಲೆಯನ್ನು ಹೆಚ್ಚುವರಿ ಅವಧಿಯಲ್ಲಿ ಸೋಲಿಸಿ ರಾಜ್ಯದ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಆಯಿತು. ಹೆಬ್ರಾನ್‌ನ ನೀರಿನ ಟ್ಯಾಂಕಿಗೆ ಬ್ಯಾಸ್ಕೆಟ್‌ಬಾಲಿನ ಬಣ್ಣವನ್ನೇ ಬಳಿದಿದ್ದಾರೆ.

ಇಂಥ ಊರು ಸ್ವರ್ಗ ಅಂತೇನೂ ನಾನು ಹೇಳುವುದಿಲ್ಲ. ಯಾರ ಟ್ರಕ್ಕು ರಾತ್ರಿ ಯಾರ ಮನೆ ಮುಂದೆ ನಿಂತಿತ್ತು ಎಂಬುದು ಬೆಳಗಿನ ಕಾಫಿಗೆ ಮುಂಚೆ ಊರಿಗೆಲ್ಲ ಗೊತ್ತು. ಕಂದು ಮುಖದ ನಾವು ಕಾರಿನಿಂದ ಇಳಿದದ್ದೂ ಗೊತ್ತು. ಆದರೆ ಬಾಯಿ ಬಿಟ್ಟರೆ ಮೊದಲು ಬರುವುದು ಮಳೆಯ ಮಾತು. "ನಿಮ್ಮ ಕಡೆ ಎಷ್ಟು ಬಿತ್ತು?" ಇಂಚಿನ ಹತ್ತನೇ ಒಂದು ಭಾಗಕ್ಕೂ ಇಲ್ಲಿ ಲೆಕ್ಕವಿದೆ. ನನ್ನ ತಾತ ಬದುಕಿದ್ದರೆ ಇವರ ಜೊತೆ ಭಾಷೆ ಬಾರದೆಯೂ ಅರ್ಧ ದಿನ ಕಳೆಯುತ್ತಿದ್ದರು.

ಹೋದ ವಸಂತದಲ್ಲಿ ಒಂದು ಹಳ್ಳಿಯ ಅಗ್ನಿಶಾಮಕ ದಳದವರು ಪ್ಯಾನ್‌ಕೇಕ್ ತಿಂಡಿ ಇಟ್ಟಿದ್ದರು. ಹೊಸ ವಾಹನಕ್ಕೆ ದುಡ್ಡು ಕೂಡಿಸಲು. ಕೈಲಾದಷ್ಟು ಡಬ್ಬಿಗೆ ಹಾಕಿದರಾಯಿತು. ಬಡಿಸುತ್ತಿದ್ದ ಹಿರಿಯರು ನಮ್ಮ ತಟ್ಟೆಗೆ ಕೇಳದೆಯೇ ಇನ್ನೊಂದು ಹಾಕಿ, "ಇಲ್ಲಿಗೇ ಬಂದುಬಿಡಿ, ಮನೆ ಅಗ್ಗ. ಒಂದು ವರ್ಷ ಇದ್ದರೆ ಟ್ರಸ್ಟಿ ಚುನಾವಣೆಗೂ ನಿಲ್ಲಬಹುದು, ಯಾರೂ ಮುಂದೆ ಬರುತ್ತಿಲ್ಲ" ಎಂದರು. ನಮ್ಮ ಗ್ರೀನ್ ಕಾರ್ಡೇ ಇನ್ನೂ ಕ್ಯೂನಲ್ಲಿದೆ, ವೋಟು ಹಾಕುವ ಹಾಗೂ ಇಲ್ಲ ಅಂತ ವಿವರಿಸಿದೆ. ಅವರು ಜಗ್ಗಲಿಲ್ಲ. ಗಣತಿಗೆ ಪೌರತ್ವ ಬೇಕಿಲ್ಲ, ಬೋರ್ಡಿನಲ್ಲಂತೂ ನಾವು ಬರುತ್ತೇವಂತೆ. ಅಂದರೆ ಲೆಕ್ಕಕ್ಕುಂಟು, ಆಟಕ್ಕಿಲ್ಲ!

ನಾನು ಸ್ವಲ್ಪ ಕರಗಿದೆ ಅಂತ ಕಾಣುತ್ತದೆ. ಕಾರಿನಲ್ಲಿ ಹೆಂಡತಿ ಮೊದಲೇ ಹೇಳಿಬಿಟ್ಟಳು: "ನಮ್ಮ ಲೇಔಟಿನ ಮೀಟಿಂಗಿಗೇ ಒಂದಿನ ಹೋಗಿಲ್ಲ ನೀವು. ಇಲ್ಲಿ ಬಂದ್ರೆ ತಪ್ಪಿಸ್ಕೊಳ್ಳೋಕಾಗಲ್ಲ, ಯೋಚನೆ ಮಾಡಿ."